ಹಿಂದಿರುಗುವ ದಾರಿ

ಮನೆ ಬದಲಾಯಿಸುವವರ ಪಾಡನ್ನು ನೀವೆಲ್ಲರೂ ನೋಡಿರುತ್ತೀರಿ. ಸಾಮಾನು ಕಟ್ಟುವಾಗ ಇದ್ದ ಉತ್ಸಾಹ, ಮರುದಿನ ಬೆಳಿಗ್ಗೆ ಕಾಫಿಯ ಫಿಲ್ಟರು ಯಾವ ಗಂಟಿನಲ್ಲಿದೆಯೆಂದು ತಿಳಿಯದೆ ತಡಕಾಡುವಾಗ ಉಳಿದಿರುವುದಿಲ್ಲ. ಆದರೂ ಅವರಿಗೊಂದು ಅನುಕೂಲವುಂಟು: ಸಾಮಾನು ಸಾಗಿಸುವ ದಿನ ಅವರ ಮನೆಗೆ ಅತಿಥಿಗಳು ಬರುವುದಿಲ್ಲ. ನನ್ನ ಭಾವಮೈದುನನ ವೃತ್ತಿಯಲ್ಲಿ ಆ ಅನುಕೂಲವೂ ಇಲ್ಲ. ಅತಿಥಿಗಳು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುವಾಗಲೇ, ಬಡಿಸುವ ಕೈ ನಿಲ್ಲದಂತೆ, ಅವನು ಅಡಿಗೆಮನೆಯನ್ನೇ ಬದಲಾಯಿಸಬೇಕು.

ಅವನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಡೇಟಾಬೇಸ್ ಇಂಜಿನಿಯರ್. ಔಷಧದ ಅಂಗಡಿಯವರು ಸಗಟು ವ್ಯಾಪಾರಿಗಳಿಂದ ಸರಕು ತರಿಸಿಕೊಳ್ಳುವ ಲೆಕ್ಕವೆಲ್ಲ ಅವನ ಮೇಲ್ವಿಚಾರಣೆಯ 12 ಸರ್ವರುಗಳಲ್ಲಿದೆ. ನಾನಾದರೋ ಕಾಲೇಜಿನಲ್ಲಿ ಕೇಶಿರಾಜನ ಸೂತ್ರಗಳನ್ನು ಹೇಳಿಕೊಡುತ್ತ, ಹುಡುಗರ ಆಕಳಿಕೆಗಳನ್ನು ಎಣಿಸುವವನು. ಹೀಗಿರಲಾಗಿ, ಒಂದು ಸಂಜೆ ಅವನು ಏಳು ಹಾಳೆಗಳನ್ನು ತಂದು ನನ್ನ ಮುಂದಿಟ್ಟು, “ಭಾವ, ಇದನ್ನೊಮ್ಮೆ ಓದಿ” ಎಂದಾಗ ನನಗೆ ಆಶ್ಚರ್ಯವಾಯಿತು.

“ಇದರಲ್ಲಿ ನನಗೇನು ತಿಳಿಯುತ್ತದಪ್ಪ?”

“ತಿಳಿಯುವುದಿಲ್ಲವೆಂದೇ ಕೊಟ್ಟದ್ದು. ರಾತ್ರಿ ಎರಡು ಗಂಟೆಯ ಹೊತ್ತಿಗೆ ನನ್ನ ಬುದ್ಧಿಯೂ ನಿಮ್ಮ ಹಾಗೆಯೇ ಆಗಿರುತ್ತದೆ. ನಿಮಗೆ ಅರ್ಥವಾದರೆ ಆಗ ನನಗೂ ಅರ್ಥವಾದೀತು.”

ಒಳಗಿನಿಂದ ನನ್ನಾಕೆ ನಕ್ಕ ಸದ್ದು ಕೇಳಿಸಿತು. ನನಗೆ ನಗು ಬರಲಿಲ್ಲ. ಎರಡು ವರ್ಷಗಳ ಹಿಂದೆ ಇಂತಹದೇ ಕೆಲಸದಲ್ಲಿ ಅವನು ಸೋತು ಬಂದಿದ್ದ. ಆಮೇಲೆ ಎಷ್ಟೋ ದಿನ ತಟ್ಟೆಯ ಮುಂದೆ ಕುಳಿತು ಅನ್ನವನ್ನು ಕಲಸುತ್ತಲೇ ಇರುತ್ತಿದ್ದುದನ್ನು ನಾವಿಬ್ಬರೂ ಕಂಡಿದ್ದೆವು.

ಆ ಡೇಟಾಬೇಸಿನ ಹೆಸರು ಕಸ್ಸಾಂಡ್ರ. ಗ್ರೀಕರ ಪುರಾಣದಲ್ಲಿ ಈಕೆ ಟ್ರಾಯ್ ನಗರದ ರಾಜಕುಮಾರಿ. ನಡೆಯಲಿರುವುದನ್ನು ಸರಿಯಾಗಿ ನುಡಿಯಬಲ್ಲವಳು, ಆದರೆ ಯಾರೂ ನಂಬದಿರಲೆಂಬ ಶಾಪ ಹೊತ್ತವಳು. ಫೇಸ್‌ಬುಕ್ ಸಂಸ್ಥೆಯವರು ತಮಗಾಗಿ ಕಟ್ಟಿಕೊಂಡು 2008ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಈ ವ್ಯವಸ್ಥೆಗೆ ಹಿರಿಯನೆಂಬ ಯಂತ್ರವಿಲ್ಲ, ಎಲ್ಲವೂ ಸಮಾನ. ಒಂದೊಂದು ವಿಷಯಕ್ಕೂ ಮೂರು ಪ್ರತಿಗಳು, ಮೂರೂ ಬೇರೆ ಬೇರೆ ಯಂತ್ರಗಳಲ್ಲಿ. ಮೂವರಲ್ಲಿ ಇಬ್ಬರು ಒಪ್ಪಿದರೆ ಮಾತು ನಿಜವೆಂದು ಲೆಕ್ಕ. ನಮ್ಮ ಹಳ್ಳಿಯ ಪಂಚಾಯಿತಿಕಟ್ಟೆಗೆ ಈ ನ್ಯಾಯ ಹೊಸದೇನೂ ಅಲ್ಲ. ಒಬ್ಬ ಊರಲ್ಲಿಲ್ಲದಿದ್ದರೂ ವ್ಯವಹಾರ ನಿಲ್ಲದು. ಆದುದರಿಂದಲೇ ಒಂದೊಂದಾಗಿ ಯಂತ್ರಗಳನ್ನು ಮಲಗಿಸಿ, ಹೊಸ ಆವೃತ್ತಿಯನ್ನು ಹಾಕಿ, ಎಬ್ಬಿಸಿ ಮುಂದೆ ಹೋಗಬಹುದು. ಅಂಗಡಿಯವರಿಗೆ ಸುಳಿವೂ ಹತ್ತುವುದಿಲ್ಲ.

ಎರಡು ವರ್ಷಗಳ ಹಿಂದೆ ಅವನು ಮಾಡಿದ ತಪ್ಪೂ ಇಲ್ಲಿಯೇ. ಮೊದಲ ನಾಲ್ಕು ಯಂತ್ರಗಳು ಸಲೀಸಾಗಿ ಎದ್ದವು. ಬೆಳಗಾಗುವುದರೊಳಗೆ ಮುಗಿಸಿಬಿಡೋಣವೆಂದು ಐದನೆಯದನ್ನೂ ಆರನೆಯದನ್ನೂ ಒಟ್ಟಿಗೆ ಮಲಗಿಸಿದ. ಕೆಲವು ಲೆಕ್ಕಗಳ ಮೂರು ಪ್ರತಿಗಳಲ್ಲಿ ಎರಡು ಆ ಎರಡರಲ್ಲಿಯೇ ಇದ್ದವು. ಮೂವರಲ್ಲಿ ಒಬ್ಬನೇ ಉಳಿದು, ಒಪ್ಪಿಗೆಗೆ ಆಳಿಲ್ಲದಾಯಿತು. ಸಾಲದ್ದಕ್ಕೆ ಒಂದು ಯಂತ್ರ ಏಳಲೇ ಇಲ್ಲ. ಎಷ್ಟೋ ಅಂಗಡಿಗಳ ಬೇಡಿಕೆಗಳು ಬೆಳಗಿನ ನಾಲ್ಕು ಗಂಟೆಗಳ ಕಾಲ ನಿಂತುಹೋದವು. “ಅದರಲ್ಲಿ ಇನ್ಸುಲಿನ್ನೂ ಇತ್ತು ಭಾವ” ಎಂದು ಅವನು ಒಮ್ಮೆ ಹೇಳಿದ್ದ. ಮತ್ತೆ ಆ ಮಾತನ್ನು ಎತ್ತಿರಲಿಲ್ಲ.

ಅವನ ಅವಸರವನ್ನು ಹಳಿಯುವ ಅರ್ಹತೆ ನನಗಿಲ್ಲ. ನನ್ನ ಪಿಎಚ್.ಡಿ. ಪ್ರಬಂಧವನ್ನು ಹಳೆಯ ಫಾಂಟಿನಿಂದ ಯೂನಿಕೋಡಿಗೆ ಒಂದೇ ರಾತ್ರಿಯಲ್ಲಿ ಪರಿವರ್ತಿಸಿ, ಹಳೆಯ ಕಡತಗಳ ಮೇಲೆಯೇ ಹೊಸದನ್ನು ಉಳಿಸಿದ ಮಹಾಶಯ ನಾನು. ಬೆಳಿಗ್ಗೆ ನೋಡಿದರೆ ಒತ್ತಕ್ಷರಗಳು ಜಾತ್ರೆಯಲ್ಲಿ ತಾಯಿಯ ಕೈ ಬಿಟ್ಟ ಮಕ್ಕಳಂತೆ ದಿಕ್ಕಾಪಾಲಾಗಿದ್ದವು. ಹಿಂದಿರುಗೋಣವೆಂದರೆ ಹಿಂದೆ ಏನೂ ಇರಲಿಲ್ಲ. ಎರಡು ಅಧ್ಯಾಯಗಳನ್ನು ಮತ್ತೆ ಬರೆದೆ. ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ.

ಹೀಗೆ ಒಬ್ಬ ಗಾಯಾಳು ಇನ್ನೊಬ್ಬನ ಏಳು ಹಾಳೆಗಳನ್ನು ಓದತೊಡಗಿದ. ಅವನಿದ್ದದ್ದು ಮೂರನೆಯ ಸರಣಿಯ ಕೊನೆಯ ಆವೃತ್ತಿಯಾದ 3.11ರಲ್ಲಿ. 2024ರಲ್ಲಿ ಐದನೆಯದು ಹೊರಬಂದಿದೆ. ಆದರೆ ಮೂರರಿಂದ ಐದಕ್ಕೆ ನೇರವಾಗಿ ಜಿಗಿಯುವಂತಿಲ್ಲ, ನಾಲ್ಕರ ಮೆಟ್ಟಿಲನ್ನು ತುಳಿಯಲೇಬೇಕು. ಕೆಲಸಕ್ಕೆ ಮುನ್ನ ಪ್ರತಿ ಯಂತ್ರದಲ್ಲಿಯೂ ‘ಸ್ನ್ಯಾಪ್‌ಶಾಟ್’ ತೆಗೆಯಬೇಕೆಂದಿತ್ತು. “ಅದನ್ನು ಎಲ್ಲಿಡುತ್ತೀಯೆ?” ಎಂದೆ. ಅದೇ ಯಂತ್ರದ ಅದೇ ಡಿಸ್ಕಿನಲ್ಲಿ, ಅದೇ ಕಡತಕ್ಕೆ ಎರಡನೆಯ ಹೆಸರಾಗಿ ಇರುತ್ತದೆಯಂತೆ. ಎರಡು ಹೆಸರಿದ್ದ ಮಾತ್ರಕ್ಕೆ ಮನುಷ್ಯರು ಇಬ್ಬರಾಗುವುದಿಲ್ಲವಲ್ಲ! ಅವನು ಸುಮ್ಮನೆ ಒಂದು ಸಾಲು ಸೇರಿಸಿದ: ಪ್ರತಿಯನ್ನು ಬೇರೆ ಸ್ಥಳಕ್ಕೆ ಸಾಗಿಸುವುದು, ಅಲ್ಲಿಂದ ಮರಳಿ ತೆರೆದು ನೋಡುವುದು.

ಮೂರನೆಯ ಹಾಳೆಯಲ್ಲಿ ನನಗೆ ವಿಚಿತ್ರವೆನಿಸಿದ ಸಂಗತಿಯೊಂದಿತ್ತು. ಕಸ್ಸಾಂಡ್ರದಲ್ಲಿ ಅಳಿಸಿದ್ದು ಒಡನೆಯೇ ಅಳಿಯುವುದಿಲ್ಲ. ಅದು ಸತ್ತಿದೆಯೆಂದು ಸಾರುವ ಒಂದು ಗೋರಿಕಲ್ಲನ್ನು ನೆಡಲಾಗುತ್ತದೆ. ಬೇರೆ ಏರ್ಪಾಡು ಮಾಡದಿದ್ದರೆ ಆ ಕಲ್ಲಿಗೆ ಹತ್ತು ದಿನದ ಆಯುಸ್ಸು. ಅಷ್ಟರೊಳಗೆ ‘ರಿಪೇರಿ’ ಎಂಬ ಕ್ರಿಯೆಯಿಂದ ಮೂರು ಪ್ರತಿಗಳನ್ನೂ ಹೋಲಿಸಿ ಸರಿಪಡಿಸಬೇಕು. ಇಲ್ಲವಾದರೆ, ಸಾವಿನ ಸುದ್ದಿ ತಲುಪದಿದ್ದ ಯಂತ್ರ ಆಮೇಲೆ ಆ ಹಳೆಯ ವಿಷಯವನ್ನು ಬದುಕಿದೆಯೆಂದೇ ಸಾರಬಹುದು. ರದ್ದಾದ ಬೇಡಿಕೆ ಎದ್ದು ಕುಳಿತೀತು. ಆದರೆ ಹಳೆಯ ಹೊಸ ಆವೃತ್ತಿಗಳು ಬೆರೆತಿರುವಾಗ ರಿಪೇರಿ ಮಾಡುವಂತಿಲ್ಲ. ಆದುದರಿಂದ ಮೊದಲೇ ರಿಪೇರಿ ಮುಗಿಸಿ, ಹತ್ತು ದಿನದೊಳಗೆ 12 ಯಂತ್ರಗಳನ್ನೂ ದಾಟಿಸಿಬಿಡಬೇಕು. “ನಮ್ಮ ಸೂತಕದ ಲೆಕ್ಕವೇ ಆಯಿತಲ್ಲೋ!” ಎಂದೆ. ಎಷ್ಟೋ ದಿನಗಳ ಮೇಲೆ ಅವನು ಗಟ್ಟಿಯಾಗಿ ನಕ್ಕ.

ಐದನೆಯ ಹಾಳೆಯಲ್ಲಿ, “ಎಲ್ಲ ಸರಿಯಾಗಿದೆಯೇ ನೋಡಿ ಮುಂದುವರಿಯುವುದು” ಎಂಬ ವಾಕ್ಯಕ್ಕೆ ಬಂದು ನಿಂತೆ. ವ್ಯಾಕರಣದ ಮೇಷ್ಟರಿಗೆ ಕರ್ತೃಪದವಿಲ್ಲದ ವಾಕ್ಯವೆಂದರೆ ಕಲ್ಲು ಸಿಕ್ಕ ಅನ್ನವಿದ್ದಂತೆ. “ನೋಡುವವರು ಯಾರು? ಸರಿಯೆಂದರೆ ಎಷ್ಟು ಸರಿ? ಸರಿಯಿಲ್ಲವಾದರೆ ನಿಲ್ಲಿಸು ಎನ್ನುವವರಾರು?”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಮೆಲ್ಲನೆ, “ಹಿಂದಿನ ಸಲ ನಿಲ್ಲಿಸಬೇಕೆಂದು ನನಗೆ ಅನ್ನಿಸಿತ್ತು ಭಾವ. ನಿಲ್ಲಿಸಿದರೆ ನನಗೆ ಕೈಲಾಗಲಿಲ್ಲ ಎಂದಾರೆಂದು ಹೆದರಿದೆ” ಎಂದ.

ಅವನಿಗೆ ಬೇಕಾಗಿದ್ದುದು ನನ್ನ ವ್ಯಾಕರಣವಲ್ಲ, ನಿಲ್ಲಿಸಲು ಒಂದು ಅಪ್ಪಣೆಯೆಂದು ಆಗ ಹೊಳೆಯಿತು. ಆ ರಾತ್ರಿ ಇಬ್ಬರೂ ಕುಳಿತು ಆ ವಾಕ್ಯವನ್ನು ತಿದ್ದಿದೆವು. ಉತ್ತರ ಬರಲು ಇಷ್ಟಕ್ಕಿಂತ ಹೆಚ್ಚು ವೇಳೆ ಹಿಡಿದರೆ ನಿಲ್ಲಿಸುವುದು; ನಿಲ್ಲಿಸುವ ಅಧಿಕಾರ ಕೀಲಿಮಣೆಯ ಮುಂದಿರುವವನದು; ಕಾರಣವನ್ನು ಬೆಳಿಗ್ಗೆ ಹೇಳಿದರೆ ಸಾಕು. ಹಿಂದಿರುಗುವ ದಾರಿಗೂ ಒಂದು ಗಡಿ ಬರೆದೆವು. ಒಂದು ಯಂತ್ರ ಕೆಟ್ಟರೆ ಅದರ ಹಳೆಯ ಪ್ರತಿಯಿಂದ ಹಿಂದಿರುಗಬಹುದು, ಉಳಿದೆರಡು ಸಾಕ್ಷಿಗಳಿವೆ. ಎಲ್ಲವೂ ದಾಟಿದ ಮೇಲೆ ಹಿಂದಿರುಗಿದರೆ ನಡುವೆ ಬಂದ ಬರಹವೆಲ್ಲ ನಷ್ಟ. ಹೊಸ ಆವೃತ್ತಿ ಬರೆದ ಕಡತವನ್ನು ಹಳೆಯದು ಓದಲಾರದು. ಆ ಹಾಳೆಗೆ ಅವನ ಮೇಲಧಿಕಾರಿಗಳೂ ಸಹಿ ಹಾಕಿದರು.

ಕೆಲಸದ ಎರಡನೆಯ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಎರಡೂವರೆಗೆ ಅಡಿಗೆಮನೆಯಲ್ಲಿ ದೀಪ ಕಂಡು ಎದ್ದುಹೋದೆ. ಅವನು ಹಾಲು ಕಾಯಿಸುತ್ತಿದ್ದ.

“ಆರನೆಯದು ಎದ್ದಿತು. ಆದರೆ ಉತ್ತರ ತಡವಾಗುತ್ತಿತ್ತು. ನಿಲ್ಲಿಸಿಬಿಟ್ಟೆ ಭಾವ” ಎಂದ, ಪರೀಕ್ಷೆಯಲ್ಲಿ ತೇರ್ಗಡೆಯಾದೆ ಎನ್ನುವ ಹುಡುಗನ ಧಾಟಿಯಲ್ಲಿ.

ಮರುದಿನ ಕಾರಣ ಸಿಕ್ಕಿತು. ಆ ಒಂದು ಯಂತ್ರದಲ್ಲಿ ಮಾತ್ರ ಎಂದೋ ಯಾರೋ ಸ್ಮರಣಶಕ್ತಿಯ ಮಿತಿಯನ್ನು ಕೈಯಿಂದ ಬದಲಾಯಿಸಿದ್ದರು. ಹೊಸ ಏರ್ಪಾಡಿನ ಕಡತಕ್ಕೆ ಅದು ಬಂದಿರಲಿಲ್ಲ. ಎಂಟನೆಯ ದಿನಕ್ಕೆ ಹನ್ನೆರಡೂ ದಾಟಿದವು. ಅಂಗಡಿಯವರಿಗೆ ಏನೂ ತಿಳಿಯಲಿಲ್ಲ. ಈ ವೃತ್ತಿಯಲ್ಲಿ ದೊರೆಯುವ ಬಿರುದು ಅದೊಂದೇ.

ಆ ರಾತ್ರಿಯಾದರೋ ಅವನು ಹಾಲು ಕುಡಿದವನೇ ಹೋಗಿ ಮಲಗಿದ. ಆರು ಯಂತ್ರಗಳ ಕೆಲಸ ಇನ್ನೂ ಬಾಕಿಯಿತ್ತು. ಬಾಗಿಲ ಸಂದಿನಿಂದ ನೋಡಿದೆ: ಗಾಢವಾಗಿ ನಿದ್ರಿಸುತ್ತಿದ್ದ.