ವೋಲ್ಟೇಜ್ ಕಮ್ಮಿ ಅಂದ್ರ ಮೊದಲು ಹರ್ಟ್ಸ್ ನೋಡ್ರಿ

ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ, ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಲ್ಲಿ ಕರೆಂಟ್ ಹೋದರೆ ಹಳೇ ಡೀಸೆಲ್ ಜನರೇಟರೇ ಗತಿ. ಅದರಿಂದ 230 ಬರಬೇಕಾದಲ್ಲಿ 180 ವೋಲ್ಟ್ ಬಂದರೆ ಮೋಟರ್ ಗುಂಯ್‌ಗುಡುತ್ತದೆ, ಕಾಯುತ್ತದೆ, ಹಾಗೇ ಓಡಿಸಿದರೆ ವೈಂಡಿಂಗ್ ಸುಡುತ್ತದೆ. ಆಗ ಎಲ್ಲರ ಕೈ ಮೊದಲು ಹೋಗುವುದು ವೋಲ್ಟೇಜ್ ಹಿಡಿದಿಡುವ ಎವಿಆರ್‌ನ ತಿರುಪಿಗೆ. ದಯವಿಟ್ಟು ಅದನ್ನು ಕೊನೆಗಿಡಿ.

ಮೊದಲು ಹರ್ಟ್ಸ್ ನೋಡಿ, ಖಾಲಿ ಇದ್ದಾಗಲೂ, ಲೋಡ್ ಹಾಕಿದ ಮೇಲೂ. ನಾಲ್ಕು ಪೋಲಿನ ಜನರೇಟರ್ ಸೆಟ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸ್. ಲೋಡ್ ಹಾಕಿದಾಗ 46ಕ್ಕೆ ಬಿದ್ದರೆ ದೋಷ ಹೆಚ್ಚಾಗಿ ಇಂಜಿನ್ನಿನದು: ಡೀಸೆಲ್ ಫಿಲ್ಟರ್, ಗವರ್ನರ್, ಇಲ್ಲವೇ ಏರ್ ಫಿಲ್ಟರ್. ನೂಲಿನ ಧೂಳು ಹಾರುವ ಶೆಡ್ಡಿನಲ್ಲಿ ಏರ್ ಫಿಲ್ಟರ್ ಬಹಳ ಬೇಗ ಕಟ್ಟಿಕೊಳ್ಳುತ್ತದೆ. ಇಂಜಿನ್ ಸೋತಿರುವಾಗ ಎವಿಆರ್ ಏರಿಸಿದರೆ ಫೀಲ್ಡ್ ಕಾಯಿಲ್ ಬಿಸಿಯಾಗಿ ಹೊಸ ಖರ್ಚು ಹುಟ್ಟುತ್ತದೆ.

ಹರ್ಟ್ಸ್ ಸರಿಯಿದ್ದು ವೋಲ್ಟ್ ಮಾತ್ರ ಕಮ್ಮಿಯೇ? ಬ್ರಷ್ ಇರುವ ಸೆಟ್ಟಾದರೆ ಬಂದ್ ಮಾಡಿ ಕಾರ್ಬನ್ ಬ್ರಷ್ ಹೊರಗೆ ತೆಗೆಯಿರಿ. ಎಷ್ಟೋ ಸಲ ಅದು ಸವೆದು ಮೋಟಾಗಿರುತ್ತದೆ, ಸ್ಪ್ರಿಂಗ್ ಒತ್ತುವುದಿಲ್ಲ, ಸ್ಲಿಪ್ ರಿಂಗ್ ತುಂಬ ಕರಿ ಪುಡಿ. ಒರೆಸಿ, ಹೊಸ ಬ್ರಷ್ ಹಾಕಿ. ಬ್ರಷ್ ಇಲ್ಲದ ಸೆಟ್ಟಿನಲ್ಲಿ ಎವಿಆರ್, ತಿರುಗುವ ಡಯೋಡ್ ಪರೀಕ್ಷಿಸಬೇಕು, ಅದು ಮೆಕ್ಯಾನಿಕ್ ಕೆಲಸ. ತಿಂಗಳುಗಟ್ಟಲೆ ನಿಂತ ಸೆಟ್ಟಿನಲ್ಲಿ ಬರೀ ಐದಾರು ವೋಲ್ಟ್ ಬಂದರೆ ಉಳಿಕೆ ಕಾಂತಶಕ್ತಿ ಕುಂದಿರಬಹುದು. ಬಲ್ಲವರು ಬ್ಯಾಟರಿ ಹಚ್ಚಿ ಎಬ್ಬಿಸುತ್ತಾರೆ.

ಇನ್ನೊಂದು ಮಾತು: ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಓಡಿಸಲೇಬೇಡಿ. ನಿಮ್ಮ ಕರೆಂಟ್ ಹಿಂದಕ್ಕೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಜೀವ ಹೋಗುತ್ತದೆ.