ಕಾರಿನ ನೆತ್ತಿಗೊಂದು ತೂತು

ಮಲ್ಲೇಶ್ವರದ ಸಂಪಿಗೆ ರಸ್ತೆಯ ಹಳೆಯ ಮನೆಯೊಂದರ ಮುಂದೆ, ಮನೆಯಷ್ಟೇ ಹಳೆಯದೆನ್ನಬಹುದಾದ ಫಿಯಟ್ 1100 ಕಾರೊಂದು ನಿಂತಿದೆ. ಅದನ್ನು ಕೊಂಡ ಯಜಮಾನರು ಈಗಿಲ್ಲ. ಅವರಿದ್ದಷ್ಟು ಕಾಲವೂ ಭಾನುವಾರ ಬೆಳಿಗ್ಗೆ ಕಾರಿಗೆ ಅಭ್ಯಂಜನ. ಮಳೆ ನಿಂತೊಡನೆ ಅದರ ಚಾವಣಿಯನ್ನು ಒಣಬಟ್ಟೆಯಿಂದ ಒರೆಸಿದ ಮೇಲೆಯೇ ಅವರಿಗೆ ಕಾಫಿ. ಕಳ್ಳನಿಗಿಂತ ತುಕ್ಕಿಗೇ ಅವರು ಹೆಚ್ಚು ಅಂಜುತ್ತಿದ್ದರು. ಅಂಥ ಕಾರಿನ ನೆತ್ತಿಗೆ ಅವರ ಮಗನೇ ತೂತು ಕೊರೆಯಲು ಹೊರಟರೆ ತಾಯಿ ಒಪ್ಪುವುದುಂಟೆ?

ಮಗನಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಇದು ಹಾಡು ಕೇಳುವ ರೇಡಿಯೋ ಅಲ್ಲ. ಇದರಲ್ಲಿ ಮಾತನಾಡುವುದೂ ಉಂಟು. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸ್ ಪಡೆದವರಿಗೆ ‘ವಿಯು’ ಎಂದು ಮೊದಲಾಗುವ ಕರೆಹೆಸರು ದೊರೆಯುತ್ತದೆ. ಎಲ್ಲರ ಕೈಯಲ್ಲೂ ಫೋನಿರುವಾಗ ಇದೇಕೆಂದು ತಾಯಿ ಕೇಳಿದಾಗ, ಮಗ 2004ರ ಡಿಸೆಂಬರ್ 26ರ ಸುನಾಮಿಯ ಸಂಗತಿಯನ್ನು ಹೇಳಿದ. ಆಗ ಭಾರತಿ ಪ್ರಸಾದ್ ಅವರ ಹವ್ಯಾಸಿ ತಂಡವು ಪೋರ್ಟ್ ಬ್ಲೇರಿನಲ್ಲಿತ್ತು. ದೂರವಾಣಿ ಕಡಿದುಹೋದ ದ್ವೀಪಗಳಿಂದ ಕ್ಷೇಮಸಮಾಚಾರ ಹೊತ್ತು ತಂದದ್ದು ಇಂಥ ಯಂತ್ರಗಳೇ.

“ಅಂಡಮಾನಿನ ಮಾತು ಹಾಗಿರಲಿ ಕಣೋ. ಸಂಪಿಗೆ ರಸ್ತೆಗೆ ಸಮುದ್ರ ಬರುತ್ತದೆಯೇನು?” ಎಂದರು ತಾಯಿ.

ತಂತಿ ಎಳೆಯುವುದಕ್ಕೆ ಮಾತ್ರ ಅವರ ಅಡ್ಡಿಯಿರಲಿಲ್ಲ. ಅದೇನೂ ಹಗುರವಾದ ಕೆಲಸವಲ್ಲ. ಐವತ್ತು ವಾಟಿನ ಯಂತ್ರವು ಮಾತನಾಡುವಾಗ ಸುಮಾರು 10 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದೀಪದ ತಂತಿಗೆ ಅದನ್ನು ಗಂಟುಹಾಕುವುದು ಅವಿವೇಕ. ದಪ್ಪ ತಂತಿಗಳೆರಡನ್ನು ನೇರವಾಗಿ ಬ್ಯಾಟರಿಯಿಂದಲೇ ತರಬೇಕು, ಬ್ಯಾಟರಿಯ ಪಕ್ಕದಲ್ಲಿಯೇ ಎರಡಕ್ಕೂ ಫ್ಯೂಸ್ ಇರಬೇಕು. ಎಂಜಿನ್ನಿನ ಹಿಂದಿನ ತಗಡನ್ನು ತಂತಿ ದಾಟುವೆಡೆ ರಬ್ಬರಿನ ಬುಷ್ ಬೇಕೇ ಬೇಕು. ಇಲ್ಲದಿದ್ದರೆ ತಗಡಿನ ಅಂಚು ದಿನದಿನವೂ ತಂತಿಯನ್ನು ತೇಯುತ್ತ ಒಂದು ದಿನ ಕಾರನ್ನೇ ಸುಟ್ಟೀತು. ಇಷ್ಟಾದರೂ ಎಂಜಿನ್ ಚಾಲೂ ಆದೊಡನೆ ಯಂತ್ರದಲ್ಲಿ ಪಟಪಟ ಸದ್ದು. ಕಾರಿನ ವೇಗ ಏರಿದರೆ ಅದೂ ಏರುವುದು. ಅದು ಸ್ಪಾರ್ಕ್ ಪ್ಲಗ್ಗುಗಳ ಕಿಡಿಯ ಉಪದ್ರವ. ಪ್ಲಗ್ಗುಗಳಿಗೆ ರೆಸಿಸ್ಟರ್ ಇರುವ ಟೊಪ್ಪಿಗೆ ತೊಡಿಸಿದ ಮೇಲೆ ಬಹುಮಟ್ಟಿಗೆ ಅಡಗಿತು.

ಉಳಿದದ್ದು ಏರಿಯಲ್. ಎರಡು ಮೀಟರಿನ ಅಲೆಗೆ ಅದರ ಕಾಲುಭಾಗ, ಎಂದರೆ ಸುಮಾರು 50 ಸೆಂಟಿಮೀಟರಿನ ಕಡ್ಡಿ ಸಾಕು. ಆದರೆ ಆ ಕಡ್ಡಿ ಏರಿಯಲ್ಲಿನ ಅರ್ಧ ಮಾತ್ರ. ಉಳಿದರ್ಧ ಕೆಳಗಿನ ಉಕ್ಕಿನ ತಗಡು. ಸುತ್ತಲೂ ಸಮನಾಗಿ ತಗಡು ಹರಡಿದ್ದರೆ ಎಲ್ಲ ದಿಕ್ಕಿಗೂ ಮಾತು ಸಮನಾಗಿ ಹೋಗುತ್ತದೆ. ಅಂಥ ಸ್ಥಾನ ಚಾವಣಿಯ ನಟ್ಟನಡುವೆ. ತಾಯಿಯ ಮಾತು ಮೀರಲಾರದೆ ಮಗ ಕಡ್ಡಿಯನ್ನು ಚಾವಣಿಯಂಚಿನ ನೀರುಕಾಲುವೆಗೆ ಕಚ್ಚಿಸಿದ.

ಒಂದು ಸಂಜೆ ತಾಯಿಯನ್ನು ಕೂರಿಸಿಕೊಂಡು ಹೊರಟ. ಬಸವನಗುಡಿಯ ಗೆಳೆಯರೊಬ್ಬರ ಧ್ವನಿ ಯಂತ್ರದಲ್ಲಿ ಕೇಳಿಬಂತು. “ಅಮ್ಮನವರು ಕ್ಷೇಮವೆ?” ಎಂದು ಅವರು ವಿಚಾರಿಸಿದಾಗ ತಾಯಿಯ ಮುಖವರಳಿತು. ಉತ್ತರ ಹೇಳುವಷ್ಟರಲ್ಲಿ ಕಾರು ಹದಿನೈದನೆಯ ಅಡ್ಡರಸ್ತೆಗೆ ಹೊರಳಿತು. ಧ್ವನಿ ಕ್ಷೀಣಿಸಿ ಗೊರಗೊರ ಸದ್ದಿನಲ್ಲಿ ಮುಳುಗಿಹೋಯಿತು. ಮತ್ತೆ ತಿರುಗಿದಾಗ ಮತ್ತೆ ಬಂತು.

ಮನೆಯ ಗೇಟಿನವರೆಗೂ ತಾಯಿ ಮಾತನಾಡಲಿಲ್ಲ. ಇಳಿಯುವಾಗ ಕೇಳಿದರು:

“ನಡುವೆ ನಿಲ್ಲಿಸಿದರೆ ಹೀಗೆ ಕಡಿಯುವುದಿಲ್ಲವೆ?”

“ಇಷ್ಟು ಕಡಿಯದಮ್ಮ.”

“ಹಾಗಾದರೆ ಕೊರೆ. ನೀರು ಇಳಿದರೆ ಮಾತ್ರ ನಿಮ್ಮಪ್ಪನಿಗೆ ನೀನೇ ಉತ್ತರ ಹೇಳಬೇಕು.”

ಕೊರೆಯುವ ದಿನ ಮಗನ ಕೈ ನಡುಗಿತೆಂಬುದು ಸುಳ್ಳಲ್ಲ. ತೂತಿನ ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದ ಬಣ್ಣ ಬಳಿದ. ಏರಿಯಲ್ಲಿನ ತಳ ತಗಡಿಗೆ ತಾಗುವ ಒಳಭಾಗದಲ್ಲಿ ಮಾತ್ರ ಬಣ್ಣ ಕೆರೆದು ಉಕ್ಕು ಹೊಳೆಯುವಂತೆ ಮಾಡಿದ. ಮೇಲೆ ರಬ್ಬರಿನ ವಾಷರು.

ಆ ವಾರದಲ್ಲಿಯೇ ರಾತ್ರಿಯೆಲ್ಲ ಮಳೆ ಹೊಯ್ದಿತು. ಬೆಳಿಗ್ಗೆ ಮಗ ಎದ್ದು ಬರುವಷ್ಟರಲ್ಲಿ ತಾಯಿ ಆಗಲೇ ಕಾರಿನೊಳಗೆ ಕುಳಿತು ಒಳಚಾವಣಿಯ ಬಟ್ಟೆಯನ್ನು ಅಂಗೈಯಿಂದ ತಡವುತ್ತಿದ್ದರು. ಒಣಗಿಯೇ ಇತ್ತು. ಹೊರಗೆ ಬಂದು ಒಣಬಟ್ಟೆ ತೆಗೆದುಕೊಂಡು, ಕಡ್ಡಿಯ ಬುಡವನ್ನು ಸುತ್ತುವರಿದು ಚಾವಣಿಯನ್ನೆಲ್ಲ ಒರೆಸಿದರು. ಕಾಫಿ ಆಮೇಲೆ ಆಯಿತು.