ಬೀಡಿ ಬಿಡಲಿಕ್ಕೆ ವೇಪ್ ಬೇಕಾ?

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಾಲೇಜು ಹುಡುಗನೊಬ್ಬ ಪಕ್ಕದವರಿಗೆ ಹೇಳುತ್ತಿದ್ದ: "ಬೀಡಿ ಬಿಡಿ ಮಾವ, ವೇಪ್ ಎಳೀರಿ. ಅದು ಬರೀ ಆವಿ."

ವೇಪ್, ಅಂದರೆ ಇ-ಸಿಗರೇಟು, ಬರೀ ಆವಿ ಅಲ್ಲ. ಅದರಲ್ಲೂ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ, ಚಟ ಹಿಡಿಸುವುದೇ ಅದು. ಸಿಗರೇಟು ಬಿಡುವವರಿಗೆ ಬ್ರಿಟನ್ನಿನಲ್ಲಿ ವೇಪ್ ಕೊಡುತ್ತಾರೆ, ನಿಜ. ಕೆಲವರಿಗೆ ಅದು ನೆರವಾದದ್ದೂ ನಿಜ. ಆದರೆ ಅಲ್ಲಿ ದ್ರವದಲ್ಲಿ ಏನಿರಬೇಕೆಂದು ಕಾನೂನು ಹೇಳುತ್ತದೆ. ಇಲ್ಲಿ 2016ರಲ್ಲಿ ಕರ್ನಾಟಕ, 2019ರಲ್ಲಿ ಇಡೀ ದೇಶ ಅದನ್ನು ನಿಷೇಧಿಸಿತು. ಕಳ್ಳದಾರಿಯಲ್ಲಿ ಬಂದದ್ದರೊಳಗೆ ಏನಿದೆಯೆಂದು ನೋಡುವವರೇ ಇಲ್ಲ.

ನಮ್ಮ ಕಡೆಯ ನಿಜವಾದ ಸಂಕಟ ಬೀಡಿ. ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು ಪುತ್ತೂರು, ಕಡಬದ ಎಷ್ಟೋ ಮನೆಗಳಲ್ಲಿದ್ದಾರೆ. ಆ ದುಡಿಮೆಗೆ ಕೈಮುಗಿಯುತ್ತೇನೆ. ಆದರೆ ಎಲೆಯಲ್ಲಿ ಸುತ್ತಿದ್ದು ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ತಪ್ಪು. ಆರದಂತೆ ಬೀಡಿಯನ್ನು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹೊಗೆ ಇನ್ನಷ್ಟು ಆಳಕ್ಕಿಳಿಯುತ್ತದೆ.

ಬಿಡಬೇಕೆಂದಿರುವ ಮಾವಂದಿರೇ, ಅಣ್ಣಂದಿರೇ, ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.